ಬಟಾಟೆ ಕೇಳುವ ರಾತ್ರಿ

ಉಡುಪಿಯಿಂದ ಹೆಬ್ರಿ, ಆಗುಂಬೆಯ ಕಡೆ ಹೋಗುವ ರಸ್ತೆಯಲ್ಲಿ ಹಿರಿಯಡಕ ದಾಟಿದರೆ ಪೆರ್ಡೂರು ಸಿಗುತ್ತದೆ. ಬಾಳೆಹಣ್ಣಿನ ಹರಕೆಗೆ ಹೆಸರಾದ ಅನಂತಪದ್ಮನಾಭ ದೇವಸ್ಥಾನ, ಊರಿನ ಹೆಸರು ಹೊತ್ತು ತಿರುಗುವ ಯಕ್ಷಗಾನ ಮೇಳ, ಸುತ್ತಲೂ ಅಡಿಕೆ ತೆಂಗಿನ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ. ಗಡ್ಡೆಗೆಣಸಿಗೆ ಈ ಕಡೆ ಎಂದೂ ಬರವಿಲ್ಲ. ಸುವರ್ಣಗಡ್ಡೆ, ಕೆಸು, ಗೆಣಸು, ಮರಗೆಣಸು, ಸಾಂಬ್ರಾಣಿ ಎಲ್ಲವೂ ಹಿತ್ತಿಲಲ್ಲೇ ಆಗುತ್ತವೆ. ಆಗದೆ ಉಳಿದದ್ದು ಬಟಾಟೆ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತದ್ದನ್ನು ಹಿತ್ತಿಲಲ್ಲಿ ಹುಗಿದರೆ ಗಿಡವೇನೋ ಏಳುತ್ತದೆ, ಎಲೆಯೂ ಸೊಂಪಾಗಿ ಬರುತ್ತದೆ. ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ದಾರದಂಥ ಕವಲುಗಳು, ಪುಣ್ಯವಿದ್ದರೆ ಗೋಲಿಯಷ್ಟು ದಪ್ಪದ ಒಂದೆರಡು ಗಡ್ಡೆ.

ಇದರಲ್ಲೊಂದು ತಮಾಷೆಯಿದೆ. ಭೂಪಟ ಬಿಡಿಸಿದರೆ ಪೆರ್ಡೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹದಿಮೂರೂವರೆ ಡಿಗ್ರಿಯ ಹತ್ತಿರ. ಬಟಾಟೆಯ ತವರಾದ ಆಂಡಿಸ್ ಪರ್ವತಗಳ ನಡುವಿನ ಪೆರುವಿನ ಕುಸ್ಕೊ ನಗರ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ. ತಿಂಗಳುಗಳು ಅದಲುಬದಲಾದರೂ ಹಗಲಿನ ಅಳತೆ ಎರಡೂ ಕಡೆ ಒಂದೇ. ತೀರ ಗಿಡ್ಡ ಹಗಲು ಹನ್ನೊಂದು ಗಂಟೆ ಚಿಲ್ಲರೆ, ತೀರ ಉದ್ದದ್ದು ಹದಿಮೂರು ಗಂಟೆಯೊಳಗೆ. ಹಗಲಿನ ಲೆಕ್ಕ ಮಾತ್ರ ನೋಡಿದರೆ ಬಟಾಟೆಗೆ ಪೆರ್ಡೂರು ತವರುಮನೆಯಾಗಬೇಕಿತ್ತು, ಹಾಲೆಂಡ್ ಪರದೇಶವಾಗಬೇಕಿತ್ತು. ಆದದ್ದು ತಿರುಗುಮುರುಗು. ಯಾಕೆ ಎಂದು ತಿಳಿಯಲು ಸಸ್ಯವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ನೂರು ವರ್ಷದಲ್ಲಿ ಉಡುಪಿಯವರು ಬಟಾಟೆಯನ್ನು ಬೆಳೆಯದೆಯೇ ಅದರಿಂದ ಹೆಸರು ಮಾಡಿದ್ದರು.

ಕಡಂದಲೆಯಿಂದ ಮದರಾಸಿಗೆ ಹೋದ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು. ಮಸಾಲೆದೋಸೆಯನ್ನು ಆ ಪಟ್ಟಣದ ನಾಲಿಗೆಗೆ ಹತ್ತಿಸಿದ ಕೀರ್ತಿಯನ್ನು ಹಲವರು ಅವರಿಗೇ ಕೊಡುತ್ತಾರೆ. ಹೊರಗಿನವರಿಗೆ ಉಡುಪಿ ಹೋಟೆಲು ಎಂದರೆ ಬಟಾಟೆ ಪಲ್ಯ. ಊರಿನ ಮಡಿ ಅಡುಗೆಯಲ್ಲಿ, ಶ್ರಾದ್ಧದ ಎಲೆಯಲ್ಲಿ ಅದಕ್ಕೆ ಇಂದಿಗೂ ಹಲವು ಮನೆಗಳಲ್ಲಿ ಜಾಗವಿಲ್ಲ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದು ಮುಟ್ಟಿಸಿ ಶತಮಾನಗಳೇ ಕಳೆದರೂ ಅದು ಹೊರಗಿನದು, ನಮ್ಮ ಸಾಂಬ್ರಾಣಿ, ಸುವರ್ಣಗಡ್ಡೆಗಳ ಪಂಕ್ತಿಗೆ ಸೇರದ್ದು. ಮಡಿಯ ಕಾರಣ ಏನೇ ಇರಲಿ, ನಮ್ಮ ಮಣ್ಣೂ ಅದನ್ನು ಹೊರಗಿನದೆಂದೇ ನೋಡಿತು.

ಗಿಡದ ಬುಡವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಬಟಾಟೆ ಬೇರಲ್ಲ, ಕಾಂಡ. ಮಣ್ಣಿನೊಳಗೆ ಕಾಂಡದ ಗೆಣ್ಣುಗಳಿಂದ ಬಿಳಿ ಕವಲುಗಳು ಅಡ್ಡಡ್ಡಲಾಗಿ ಹೊರಡುತ್ತವೆ. ಇವಕ್ಕೆ ಸ್ಟೋಲನ್ ಎಂದು ಹೆಸರು. ಪ್ರತಿಯೊಂದರ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಬೆಚ್ಚಗಿದ್ದು, ನೀರು ಗೊಬ್ಬರ ಬೇಕಾದಷ್ಟು ಸಿಕ್ಕರೆ ಕೊಕ್ಕೆ ಮುಂದೆ ಮುಂದೆ ಹೋಗುತ್ತದೆ, ಕೆಲವೊಮ್ಮೆ ಮೇಲಕ್ಕೆ ತಿರುಗಿ ಹಸಿರು ಚಿಗುರಾಗಿಬಿಡುತ್ತದೆ. ಗಡ್ಡೆ ಕಟ್ಟೆಂಬ ಅಪ್ಪಣೆ ಬಂತೆಂದರೆ ಓಟ ನಿಲ್ಲುತ್ತದೆ. ಕೊಕ್ಕೆಯ ಹಿಂಬದಿಯ ಜೀವಕೋಶಗಳು ಅಡ್ಡಕ್ಕೆ ಒಡೆದು ಉದ್ದವಾಗುವುದನ್ನು ಬಿಟ್ಟು ಉದ್ದಕ್ಕೆ ಸೀಳಿ ದಪ್ಪವಾಗತೊಡಗುತ್ತವೆ. ಎಲೆಯಿಂದ ಇಳಿದ ಸಕ್ಕರೆ ನೇರವಾಗಿ ಆ ಕೋಶಗಳೊಳಗೆ ನುಗ್ಗಿ ಪಿಷ್ಟವಾಗಿ ಕೂರುತ್ತದೆ. ಗಡ್ಡೆಯ ಮೈಮೇಲಿನ ಕಣ್ಣುಗಳು ಹಳೆಯ ಗೆಣ್ಣುಗಳೇ, ಸುರುಳಿಯಾಗಿ ಸುತ್ತಿಕೊಂಡಿವೆ ಅಷ್ಟೆ. ತುದಿಯ ಕಣ್ಣು ಎಲ್ಲಕ್ಕಿಂತ ಮೊದಲು ಮೊಳೆಯುವುದೂ ಕಾಂಡದ ತುದಿಗಿರುವ ಹಿರಿತನದಿಂದಲೇ.

ಅಪ್ಪಣೆ ಎಲ್ಲಿಂದ ಬರುತ್ತದೆ? ಫ್ರಾನ್ಸಿನ ನೊಯೆಲ್ ಬರ್ನಾರ್ ಎಂಬ ಸಸ್ಯವಿಜ್ಞಾನಿ 1900ರ ಆಚೀಚೆ, ಶಿಲೀಂಧ್ರದಿಂದ ಎಂದ. ಆರ್ಕಿಡ್ ಬೀಜ ಮೊಳೆಯಲು ಶಿಲೀಂಧ್ರದ ಜೊತೆ ಬೇಕೇಬೇಕೆಂದು ಕಂಡುಹಿಡಿದವನು ಅವನೇ. ಅದೇ ಕಣ್ಣಿನಿಂದ ಬಟಾಟೆಯನ್ನೂ ನೋಡಿ, ಬೇರಿಗೆ ಸೋಂಕು ತಗಲಿದ್ದರಿಂದಲೇ ಕಾಂಡ ಊದಿಕೊಳ್ಳುತ್ತದೆ ಎಂದು ವಾದಿಸಿದ. ಆರ್ಕಿಡ್ ವಿಷಯದಲ್ಲಿ ಅವನು ಸರಿ, ಬಟಾಟೆಯ ವಿಷಯದಲ್ಲಿ ತಪ್ಪು. ಆದರೂ ಅಪ್ಪಣೆ ಎಲ್ಲೋ ಹೊರಗಿನಿಂದ ಬರುತ್ತದೆ ಎಂಬ ಅವನ ಗುಮಾನಿ ಪೂರ್ತಿ ಸುಳ್ಳಾಗಲಿಲ್ಲ.

1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಒಂದು ಹೊಗೆಸೊಪ್ಪಿನ ತಳಿಯ ಬೆನ್ನು ಹತ್ತಿದ್ದರು. ಆಳೆತ್ತರ ಮೀರಿ ಬೆಳೆದರೂ ಅದು ಬೇಸಗೆಯಲ್ಲಿ ಹೂ ಬಿಡುತ್ತಿರಲಿಲ್ಲ. ದಿನಕ್ಕಿಷ್ಟು ಹೊತ್ತು ಕತ್ತಲೆ ಮನೆಯೊಳಗಿಟ್ಟು ಹಗಲನ್ನು ಗಿಡ್ಡ ಮಾಡಿದಾಗ ಹೂ ಬಂತು. ಗಿಡಗಳು ಹಗಲಿನ ಉದ್ದ ಅಳೆಯುತ್ತವೆ ಎಂಬುದು ಹೀಗೆ ಜಗತ್ತಿಗೆ ತಿಳಿಯಿತು. ಮುಂದಿನ ಪ್ರಯೋಗಗಳಲ್ಲಿ ಬಟಾಟೆಯೂ ಇದೇ ಜಾತಿಗೆ ಸೇರಿತು, ಗಿಡ್ಡ ಹಗಲಿನಲ್ಲಿ ಅದರ ಗಡ್ಡೆ ಬೇಗ ಕೂರುತ್ತಿತ್ತು. ಇದೇ ದಶಕದಲ್ಲಿ ವಾವಿಲೋವ್ ಕಳಿಸಿದ ಸೋವಿಯತ್ ಸಸ್ಯವಿಜ್ಞಾನಿಗಳು ದಕ್ಷಿಣ ಅಮೆರಿಕದ ಬೆಟ್ಟಗಳಿಂದ ಹೊತ್ತು ತಂದ ಆಂಡಿಸ್ ತಳಿಗಳು ರಷ್ಯದ ಉದ್ದ ಹಗಲಿನಲ್ಲಿ ಗಡ್ಡೆ ಕಟ್ಟಲು ತಕರಾರು ತೆಗೆದವು. ಯುರೋಪಿಗೆ ಮೊದಲು ಬಂದ ಬಟಾಟೆಗೂ ಇದೇ ಗತಿಯಾಗಿತ್ತು, ಶರತ್ಕಾಲ ಮುಗಿಯುವ ಹೊತ್ತಿಗಷ್ಟೇ ಅದರ ಗಡ್ಡೆ. ಉದ್ದ ಹಗಲಿಗೆ ಒಗ್ಗಿದ ಗಿಡಗಳು ಅಲ್ಲಿ ಮೇಲುಗೈ ಪಡೆಯಲು ತಲೆಮಾರುಗಳೇ ಬೇಕಾದವು. 2013ರಲ್ಲಿ ಇದರ ಗುಟ್ಟೂ ಸಿಕ್ಕಿತು. ಐದನೆಯ ಕ್ರೋಮೋಸೋಮಿನಲ್ಲಿರುವ ಸಿಡಿಎಫ್1 ಎಂಬ ಜೀನಿನ ಬಾಲ ಈ ಗಿಡಗಳಲ್ಲಿ ತುಂಡಾಗಿತ್ತು, ಹಗಲು ಉದ್ದವಿದ್ದರೂ ಅದು ಸುಮ್ಮನಾಗುತ್ತಿರಲಿಲ್ಲ.

ಹಗಲನ್ನು ಅಳೆಯುವುದು ಎಲೆ, ಗಡ್ಡೆ ಕೂರುವುದು ಮಣ್ಣಿನೊಳಗೆ. ನಡುವೆ ಏನೋ ಒಂದು ಇಳಿದು ಹೋಗಲೇಬೇಕು. ಇದನ್ನು ಹಿಡಿಯಲು ನಡೆದ ಪ್ರಯೋಗಗಳಲ್ಲಿ ನನಗೆ ತೀರ ಇಷ್ಟವಾದದ್ದು ಮಿಖಾಯಿಲ್ ಚೈಲಾಖ್ಯಾನ್ ಮಾಡಿದ ಕಸಿ. ಅರ್ಮೇನಿಯ ಮೂಲದ ಈ ಸೋವಿಯತ್ ವಿಜ್ಞಾನಿ 1930ರ ದಶಕದಲ್ಲೇ, ಎಲೆಯಿಂದ ತುದಿಗೆ ಹೋಗಿ ಹೂ ಬಿಡಿಸುವ ಒಂದು ವಸ್ತು ಇದೆ ಎಂದು ಹೇಳಿ ಅದಕ್ಕೆ ಫ್ಲೋರಿಜೆನ್ ಎಂದು ಹೆಸರಿಟ್ಟಿದ್ದ. ಆ ವಸ್ತು ಮಾತ್ರ ದಶಕಗಳ ಕಾಲ ಯಾರ ಕೈಗೂ ಸಿಗಲಿಲ್ಲ. 1981ರಲ್ಲಿ, ಇಳಿವಯಸ್ಸಿನಲ್ಲಿ, ಅವನೂ ಅವನ ಸಹೋದ್ಯೋಗಿಗಳೂ ಬಟಾಟೆಯ ಬುಡಕ್ಕೆ ಹೊಗೆಸೊಪ್ಪಿನ ತಲೆ ಕಸಿ ಕಟ್ಟಿದರು. ಎರಡೂ ಒಂದೇ ಕುಟುಂಬದವಾದ್ದರಿಂದ ಕಸಿ ಹಿಡಿಯುತ್ತದೆ. ಹೊಗೆಸೊಪ್ಪಿನಲ್ಲಿ ಗಿಡ್ಡ ಹಗಲಿಗೆ ಹೂ ಬಿಡುವ ತಳಿಯೂ ಉಂಟು, ಉದ್ದ ಹಗಲಿಗೆ ಬಿಡುವ ಜಾತಿಯೂ ಉಂಟು. ಮೇಲಿನ ಹೊಗೆಸೊಪ್ಪು ತನಗೆ ಹಿಡಿಸಿದ ಹಗಲು ಸಿಕ್ಕು ಹೂವಿಗೆ ಹೊರಟಾಗ ಕೆಳಗಿನ ಬಟಾಟೆ ಗಡ್ಡೆ ಕಟ್ಟಿತು. ಉದ್ದ ಹಗಲಿನ ಹೊಗೆಸೊಪ್ಪು ತಲೆಯ ಮೇಲಿದ್ದರೆ ಬಟಾಟೆ ಉದ್ದ ಹಗಲಿನಲ್ಲೇ ಗಡ್ಡೆ ಇಟ್ಟಿತು. ಹೊಗೆಸೊಪ್ಪಿಗೆ ಗಡ್ಡೆ ಎಂದರೆ ಏನೆಂದೇ ತಿಳಿಯದು. ಅದು ಕಳಿಸಿದ್ದು ಹೂವಿನ ಸುದ್ದಿ, ಬಟಾಟೆ ಅದನ್ನು ಗಡ್ಡೆಯ ಸುದ್ದಿಯೆಂದು ಓದಿಕೊಂಡಿತು.

ಇದಾದ ಮೇಲೆ ಹುಡುಕಾಟಕ್ಕೆ ವೇಗ ಬಂತು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಕೋಡಾ ಮತ್ತು ಸಂಗಡಿಗರು 1980ರ ದಶಕದ ಕೊನೆಗೆ ಬಟಾಟೆ ಎಲೆಯ ರಸದಿಂದ ಗಡ್ಡೆ ಬರಿಸುವ ಒಂದು ಆಮ್ಲವನ್ನು ಬೇರ್ಪಡಿಸಿದರು. ಜಾಜಿ ಹೂವಿನ ಎಣ್ಣೆಯಲ್ಲಿ 1962ರಲ್ಲಿ ಕಂಡ ಪರಿಮಳದ ವಸ್ತುವಿಗೆ ಅದು ಹತ್ತಿರದ ನಂಟು. ಮಲ್ಲಿಗೆಯನ್ನು ಅಟ್ಟೆಯ ಲೆಕ್ಕದಲ್ಲಿ ಮಾರುವ ಶಂಕರಪುರದವರಿಗೆ ಈ ನೆಂಟಸ್ತಿಕೆ ಹೇಳಿದರೆ ನಕ್ಕಾರು. ಅಮೆರಿಕದ ಅಯೋವಾದಲ್ಲಿ ಡೇವಿಡ್ ಹ್ಯಾನಪೆಲ್ ಜೊತೆ ದುಡಿಯುತ್ತಿದ್ದ ಅಂಜನ್ ಬ್ಯಾನರ್ಜಿ 2006ರಲ್ಲಿ ಇನ್ನೊಂದು ದೂತನನ್ನು ತೋರಿಸಿದರು. ಬೆಲ್5 ಎಂಬ ಆರ್‌ಎನ್‌ಎ ಎಲೆಯಲ್ಲಿ ಹುಟ್ಟಿ, ಸಕ್ಕರೆ ಹರಿಯುವ ನಾಳದಲ್ಲೇ ಸ್ಟೋಲನ್ ತುದಿಗೆ ಇಳಿಯುತ್ತಿತ್ತು. ಬ್ಯಾನರ್ಜಿ ಮುಂದೆ ಪುಣೆಯ ಐಸರ್ ಸಂಸ್ಥೆಗೆ ಬಂದರು. ಅವರ ಪ್ರಯೋಗಾಲಯದಲ್ಲಿ ಒಂದು ಪ್ರೋಟೀನನ್ನು ಅತಿಯಾಗಿ ಹೆಚ್ಚಿಸಿದ ಗಿಡಗಳು ಮಣ್ಣಿನ ಹಂಗಿಲ್ಲದೆ ಕಾಂಡದ ಗೆಣ್ಣುಗಳಲ್ಲಿ, ಗಾಳಿಯಲ್ಲೇ ಗಡ್ಡೆ ಬಿಟ್ಟವು.

ಮುಖ್ಯ ದೂತ ಸಿಕ್ಕಿದ್ದು 2011ರಲ್ಲಿ. ಮ್ಯಾಡ್ರಿಡ್‌ನ ಸಲೊಮೆ ಪ್ರಾಟ್ ತಂಡ, ನೆದರ್ಲೆಂಡ್ಸಿನ ವಾಗೆನಿಂಗನ್‌ನವರೊಂದಿಗೆ ಸೇರಿ, ಎಸ್‌ಪಿ6ಎ ಎಂಬ ಪ್ರೋಟೀನನ್ನು ಬೆಳಕಿಗೆ ತಂದಿತು. ಹೂ ಬಿಡಿಸುವ ಪ್ರೋಟೀನಿಗೆ ಇದು ದಾಯಾದಿ. ಚೈಲಾಖ್ಯಾನ್ ಕಸಿ ಕಟ್ಟಿ ತೋರಿಸಿದ್ದಕ್ಕೆ ಮೂವತ್ತು ವರ್ಷದ ನಂತರ ಹೆಸರು ವಿಳಾಸ ಸಿಕ್ಕಂತಾಯಿತು. ಆ ತಂಡ ಮಾಡಿದ ಒಂದು ಕೆಲಸ ನಮ್ಮ ಕಡೆಯವರಿಗೆ ಹಿಡಿಸೀತು. ಭತ್ತದಲ್ಲಿ ತೆನೆ ಹೊರಡಿಸುವ ಜೀನನ್ನು ತೆಗೆದು ಆಂಡಿಸ್ ಬಟಾಟೆಗೆ ಸೇರಿಸಿದರು. ಉದ್ದ ಹಗಲಿನಲ್ಲಿ ಗಡ್ಡೆ ಕಟ್ಟಲೊಲ್ಲದ ಗಿಡ ಭತ್ತದ ಮಾತಿಗೆ ಗಡ್ಡೆ ಕಟ್ಟಿತು. ಅದೇ ವರ್ಷ ಬಟಾಟೆಯ ಪೂರ್ತಿ ಜೀನೋಮೂ ಪ್ರಕಟವಾಯಿತು, 39 ಸಾವಿರದಷ್ಟು ಜೀನ್‌ಗಳ ಆ ಪಟ್ಟಿಯ ಕೆಲಸದಲ್ಲಿ ಭಾರತದ ಸಂಸ್ಥೆಯೂ ಪಾಲುದಾರ.

ಪೆರ್ಡೂರಿನ ಹಿತ್ತಿಲಿಗೆ ಉತ್ತರ ಬಂದದ್ದು ಇನ್ನೂ ಎಂಟು ವರ್ಷ ಕಳೆದ ಮೇಲೆ. ರಾತ್ರಿ ಬಿಸಿಯಿದ್ದರೆ ಗಡ್ಡೆ ಕೂರುವುದಿಲ್ಲವೆಂಬುದು ಬೇಸಾಯದವರಿಗೆ ಹಳೆಯ ಮಾತು. ರಾತ್ರಿಯ ಉಷ್ಣತೆ 20 ಡಿಗ್ರಿ ಮೀರಿದರೆ ಹೆಚ್ಚಿನ ತಳಿಗಳು ಕೈಚೆಲ್ಲುತ್ತವೆ. ಕಾರಣ ಮಾತ್ರ ಮಸುಕಾಗಿತ್ತು. ಜರ್ಮನಿಯ ಎರ್ಲಾಂಗನ್‌ನಲ್ಲಿ ಊವೆ ಸೊನ್ನೆವಾಲ್ಡ್ ಅವರ ತಂಡ 2019ರಲ್ಲಿ ಒಂದು ಪುಟಾಣಿ ಆರ್‌ಎನ್‌ಎಯನ್ನು ಹಿಡಿಯಿತು. ಸೆಕೆ ಹೆಚ್ಚಿದಾಗ ಅದು ಎಲೆಯಲ್ಲಿ ಹೆಚ್ಚಾಗಿ, ಎಸ್‌ಪಿ6ಎ ಹುಟ್ಟುವ ಮೊದಲೇ ಅದರ ಕತ್ತು ಹಿಸುಕುತ್ತದೆ. ಅದನ್ನು ತಡೆದ ಗಿಡಗಳು ಬಿಸಿಯಲ್ಲೂ ಗಡ್ಡೆ ಕಟ್ಟಿದವು. ನಮ್ಮಲ್ಲಿ ಮಳೆಗಾಲದ ರಾತ್ರಿಯೂ 23 ಡಿಗ್ರಿಯ ಸುತ್ತಮುತ್ತ, ಚಳಿಗಾಲದ ಕೆಲವು ದಿನ ಬಿಟ್ಟರೆ 20ಕ್ಕಿಂತ ಕೆಳಗಿಳಿಯುವುದು ಅಪರೂಪ. ಕುಸ್ಕೊ ಸಮುದ್ರಮಟ್ಟದಿಂದ 3,400 ಮೀಟರ್ ಎತ್ತರದಲ್ಲಿದೆ. ಹಗಲು ಎರಡೂ ಕಡೆ ಒಂದೇ, ಹೊದಿಕೆ ಬೇಕಾಗುವ ರಾತ್ರಿ ಅಲ್ಲಿ ಮಾತ್ರ.

ಹೊದಿಕೆಯ ರಾತ್ರಿ ನಮಗೆ ಹತ್ತಿರದಲ್ಲಿ ಸಿಗುವುದು ಘಟ್ಟದ ಮೇಲೆ. ಹಾಸನ ಸುಮಾರು 950 ಮೀಟರ್ ಎತ್ತರದ ಊರು, ಮುಂಗಾರಿನ ರಾತ್ರಿಗಳು ತಂಪು. ಅಲ್ಲಿ ಬಟಾಟೆ ಆಲೂಗಡ್ಡೆಯಾಗುತ್ತದೆ. ಉತ್ತರ ಭಾರತ ಚಳಿಗಾಲದಲ್ಲಿ ಬೆಳೆಯುವುದನ್ನು ಹಾಸನದವರು ಮಳೆಯಲ್ಲಿ ಬೆಳೆಯುತ್ತಾರೆ. ಇದಕ್ಕೆ ಬೇಕಾದ ಬೀಜದ ಗಡ್ಡೆ ಪ್ರತಿವರ್ಷ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುತ್ತದೆ. ಅಷ್ಟು ದೂರದಿಂದ ಯಾಕೆ ಎಂದು ಕೇಳಿದರೆ, ಗಡ್ಡೆ ಕೂರುವ ಕತೆ ಮುಗಿದು ಗಡ್ಡೆ ಏಳುವ ಕತೆ ಶುರುವಾಗುತ್ತದೆ.

ಅಗೆದು ತೆಗೆದ ಗಡ್ಡೆ ಕೂಡಲೇ ಮೊಳೆಯುವುದಿಲ್ಲ. ನೀರು, ಬೆಳಕು, ಬಿಸಿ ಏನೇ ಕೊಟ್ಟರೂ ಎಂಟು ಹತ್ತು ವಾರ ಅದಕ್ಕೆ ಗಾಢ ನಿದ್ದೆ. ಅಟ್ಟದ ಮೇಲಿನ ಸುವರ್ಣಗಡ್ಡೆ ಬೇಸಗೆಯ ಮೊದಲ ಮಳೆಯ ಹೊತ್ತಿಗೆ ಸರಿಯಾಗಿ ಕೆಂಪು ಮೊಳಕೆ ಚಾಚುವುದನ್ನು ನೋಡಿದವರಿಗೆ ಇದು ಹೊಸತಲ್ಲ. ನ್ಯೂಯಾರ್ಕಿನ ಬಳಿಯ ಬಾಯ್ಸ್ ಥಾಂಪ್ಸನ್ ಸಂಸ್ಥೆಯಲ್ಲಿ ಡೆನ್ನಿ ಎಂಬ ವಿಜ್ಞಾನಿ 1926ರಲ್ಲಿ ನೂರಾರು ರಾಸಾಯನಿಕಗಳ ನಡುವೆ ಹುಡುಕಿ, ತಯೋಯೂರಿಯಾದಂಥ ಕೆಲವು ಈ ನಿದ್ದೆ ಕೆಡಿಸುತ್ತವೆ ಎಂದು ತೋರಿಸಿದ. ಸ್ವೀಡನ್ನಿನ ಹೆಮ್‌ಬರ್ಗ್ 1949ರಲ್ಲಿ, ನಿದ್ದೆ ಬರಿಸುವುದು ಸಿಪ್ಪೆಯಲ್ಲೇ ಇರುವ ಒಂದು ತಡೆವಸ್ತು, ದಿನ ಕಳೆದಂತೆ ಅದು ಕರಗುತ್ತದೆ ಎಂದ. ಭತ್ತದ ಸಸಿಯನ್ನು ವಿಪರೀತ ಉದ್ದ ಮಾಡುವ ಒಂದು ರೋಗದ ಬೆನ್ನುಹತ್ತಿ ಜಪಾನೀಯರು ಕಂಡ ಜಿಬ್ಬರೆಲಿನ್ 1950ರ ದಶಕದಲ್ಲಿ ಬಟಾಟೆಗೆ ತಾಗಿದಾಗ ಮಲಗಿದ ಕಣ್ಣುಗಳು ತೆರೆದವು. ಅದೇ ಜಿಬ್ಬರೆಲಿನ್ ಸ್ಟೋಲನ್‌ಗೆ ಗಡ್ಡೆ ಕೂರದಂತೆ ಮಾಡುವ ವಸ್ತುವೂ ಹೌದು. ಮಲಗುವಾಗ ಇಳಿಯಬೇಕು, ಏಳುವಾಗ ಏರಬೇಕು.

ಭಾರತದಲ್ಲಿ ಈ ನಿದ್ದೆ ಸರ್ಕಾರದ ತಲೆನೋವಾಗಿತ್ತು. 1935ರಲ್ಲಿ ಶಿಮ್ಲಾ, ಕುಫ್ರಿ ಮತ್ತು ಭೊವಾಲಿಗಳಲ್ಲಿ ತಳಿ ಕೇಂದ್ರಗಳು ಶುರುವಾದವು. 1949ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1956ರಲ್ಲಿ ಶಿಮ್ಲಾಕ್ಕೆ ಬಂತು. ಸುಮಾರು 2,500 ಮೀಟರ್ ಎತ್ತರದ ಕುಫ್ರಿಯ ಬೇಸಗೆಯ ಉದ್ದ ಹಗಲಿನಲ್ಲಿ ಬಟಾಟೆ ಹೂ ಬಿಟ್ಟು ಕಾಯಿ ಕಟ್ಟುತ್ತದೆ, ತಳಿ ಸಂಕರಕ್ಕೆ ಅದೇ ಬೇಕು. ಆದರೆ ಬೆಟ್ಟದ ಬೀಜಗಡ್ಡೆ ಕೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬಯಲಿನ ಬಿತ್ತನೆಯೂ ಆಗಲೇ. ಬಿತ್ತಬೇಕಾದ ಹೊತ್ತಿಗೆ ಬೀಜ ನಿದ್ದೆಯಲ್ಲಿ! ಬಯಲಲ್ಲೇ ಬೀಜ ಮಾಡೋಣವೆಂದರೆ ಗಿಡಹೇನು ವೈರಸ್ ಹರಡಿ ಎರಡು ಮೂರು ಬೆಳೆಯೊಳಗೆ ತಳಿಯನ್ನು ಕೆಡಿಸುತ್ತಿತ್ತು. ಸಂಸ್ಥೆಯ ಪುಷ್ಕರನಾಥ್ ಹೇನಿನ ಪಂಚಾಂಗ ಬರೆದರು. ಪಂಜಾಬಿನ ಬಯಲಲ್ಲಿ ಅಕ್ಟೋಬರಿನಿಂದ ವರ್ಷಾಂತ್ಯದವರೆಗೆ ಹೇನು ಬಹಳ ಕಡಿಮೆ. ಅಷ್ಟರೊಳಗೆ ಬೆಳೆಸಿ, ಹೇನು ಏರುವ ಮೊದಲೇ ಸೊಪ್ಪು ಕತ್ತರಿಸಿ, ಸಿಪ್ಪೆ ಬಲಿತ ಮೇಲೆ ಗಡ್ಡೆ ತೆಗೆಯಿರಿ ಎಂದರು. 1959ರ ಸುಮಾರಿಗೆ ಹೊರಟ ಈ ವಿಧಾನ ಅರವತ್ತರ ದಶಕದಲ್ಲಿ ಹಬ್ಬಿ, ಬೆಟ್ಟದಿಂದ ಬೀಜ ಇಳಿಸುವ ಕಾಲವನ್ನು ಹೆಚ್ಚುಕಡಿಮೆ ಮುಗಿಸಿತು. 1949-50ರಲ್ಲಿ ದೇಶದ ಬೆಳೆ 15 ಲಕ್ಷ ಟನ್ನಿನಷ್ಟಿತ್ತು, ಈಗ 5 ಕೋಟಿ ಟನ್ ಮೀರಿದೆ. ಹೊಸ ತಳಿಗಳಿಗೆ ಎಷ್ಟು ಹೊಗಳಿಕೆ ಸಲ್ಲುತ್ತದೋ ಅಷ್ಟೇ ಈ ಹೇನಿನ ಪಂಚಾಂಗಕ್ಕೂ ಸಲ್ಲಬೇಕು.

ಇದರಿಂದ ಹಾಸನಕ್ಕೆ ಕಾಲ ಕೂಡಿ ಬಂತು. ಪಂಜಾಬಿನಲ್ಲಿ ಫೆಬ್ರವರಿ ಹೊತ್ತಿಗೆ ಕಿತ್ತ ಗಡ್ಡೆ ಎರಡರಿಂದ ನಾಲ್ಕು ಡಿಗ್ರಿಯ ಶೀತಗೃಹ ಸೇರುತ್ತದೆ. ಅಲ್ಲಿಂದ ತೆಗೆದು ಏಪ್ರಿಲ್, ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಮಾರುಕಟ್ಟೆಗೆ ಬಂದಿಳಿಯುವಾಗ ನಿದ್ದೆ ಮುಗಿದಿರುತ್ತದೆ. ರೈತರು ಮನೆಯ ನೆರಳಲ್ಲಿ ಹರಡಿ ಮೊಳಕೆ ಬರಿಸುತ್ತಾರೆ. ತುಂಡಿಗೆ ಎರಡಾದರೂ ಕಣ್ಣು ಉಳಿಯುವಂತೆ ಕೊಯ್ದು, ಮ್ಯಾಂಕೋಜೆಬ್ ದ್ರಾವಣದಲ್ಲಿ ಅದ್ದಿ, ಕೊಯ್ದ ಮೈ ಒಣಗಿದ ಮೇಲೆ ಸಾಲಿಗಿಡುತ್ತಾರೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನಗಳಲ್ಲೇ ಘಟ್ಟದ ಮೇಲೆ ಈ ಬಿತ್ತನೆ. ಆಗಸ್ಟಿನಲ್ಲಿ ಬೆಳೆ ಕೈಗೆ ಬರುತ್ತದೆ. ಅದನ್ನೇ ಬೀಜಕ್ಕೆ ಉಳಿಸೋಣವೆಂದರೆ ಮುಂದಿನ ಮೇ ತಿಂಗಳಿಗೆ ಒಂಬತ್ತು ತಿಂಗಳು, ನಿದ್ದೆ ಎರಡೇ ತಿಂಗಳದು, ಜೊತೆಗೆ ವೈರಸ್ಸಿನ ಭಯ. ಹೀಗಾಗಿ ಜಲಂಧರ್ ಲಾರಿ ತಪ್ಪಲಿಲ್ಲ.

ತಳಿಯೂ ಒಂದೇ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಅಂಗಮಾರಿ ರೋಗವನ್ನು ತಡೆಯುತ್ತದೆಂದು ಹೆಸರಾಗಿ ಹಾಸನದ ಹೊಲಗಳನ್ನು ತುಂಬಿತು, ತಡೆಯುವ ಶಕ್ತಿ ಕುಂದಿದ ಮೇಲೂ ಅಲ್ಲೇ ಉಳಿಯಿತು. ಒಂದೇ ತಳಿಯ ಮೇಲೆ ಇಡೀ ಜಿಲ್ಲೆಯನ್ನು ನಿಲ್ಲಿಸುವುದು ಎಷ್ಟು ಅಪಾಯವೆಂದು 1845ರಲ್ಲಿ ಇದೇ ರೋಗಕ್ಕೆ ಬೆಳೆ ಕಳೆದುಕೊಂಡ ಐರ್ಲೆಂಡ್ ಹೇಳಿತ್ತು. 2007ರ ನಂತರದ ಮಳೆಗಾಲಗಳಲ್ಲಿ ಹಾಸನದ ಹೊಲಗಳು ವಾರದೊಳಗೆ ಕಪ್ಪಾಗತೊಡಗಿದವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪಿ. ಚೌಡಪ್ಪ ಮತ್ತು ಸಂಗಡಿಗರು ದಕ್ಷಿಣದ ರೋಗಾಣುಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಯುರೋಪಿನಲ್ಲಿ ಅದಾಗಲೇ ಹಾವಳಿ ಎಬ್ಬಿಸಿದ್ದ 13_ಎ2 ಎಂಬ ವಂಶ. ರೈತರು ನಂಬಿದ್ದ ಮೆಟಲಾಕ್ಸಿಲ್ ಔಷಧ ಅದಕ್ಕೆ ನಾಟುತ್ತಿರಲಿಲ್ಲ. ಬಹಳ ಮಂದಿ ಮೆಕ್ಕೆಜೋಳಕ್ಕೆ, ಶುಂಠಿಗೆ ತಿರುಗಿದರು. ಆಲೂಗಡ್ಡೆಯ ವಿಸ್ತೀರ್ಣ ಕುಸಿಯಿತು, ಇನ್ನೂ ಚೇತರಿಸಿಕೊಂಡಿಲ್ಲ.

ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಈಚಿನ ವರ್ಷಗಳಲ್ಲಿ ಬೇರೆ ದಾರಿ ಹಿಡಿದಿದೆ. ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆ ಸೇರಿ ಗಡ್ಡೆಯ ಬದಲು ಸಸಿ ನೆಡಿಸುತ್ತಿದೆ. ವಿಯೆಟ್ನಾಂನ ದಲಾತ್ ಕಡೆಯ ರೈತರು ರೂಢಿಸಿಕೊಂಡ ವಿಧಾನ ಇದು. ಅಂಗಾಂಶ ಕೃಷಿಯ ಗಿಡದ ತುದಿ ಚಿವುಟಿ, ನರ್ಸರಿಯ ತಟ್ಟೆಯಲ್ಲಿ ಬೇರು ಬರಿಸಿ ಹೊಲಕ್ಕೆ ಕೊಡುವುದು. ಒಂದೊಂದು ಸಸಿಗೆ ಹತ್ತರ ಆಸುಪಾಸು ಗಡ್ಡೆ ಬರುತ್ತದೆ. ಕುಫ್ರಿ ಹಿಮಾಲಿನಿಯಂಥ, ಅಂಗಮಾರಿಗೆ ಅಷ್ಟು ಸುಲಭಕ್ಕೆ ಬಗ್ಗದ ತಳಿಗಳು ಹೀಗೆ ಊರೊಳಗೆ ಬಂದಿವೆ. ಸಸಿಗೆ ನಿದ್ದೆ ಇಲ್ಲ, ಜಲಂಧರಿನ ಪಂಚಾಂಗ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಆ ಸಸಿ ಕೊಟ್ಟ ಮೊದಲ ಗಡ್ಡೆಯನ್ನು ಬೀಜವಾಗಿ ಇಟ್ಟುಕೊಳ್ಳುವವನಿಗೆ ಮತ್ತೆ ಶೀತಗೃಹ ಬೇಕು.

ಕರಾವಳಿಗಾಗಿ ಯಾರೂ ಬಟಾಟೆ ತಳಿ ಮಾಡಿಲ್ಲ. 2006ರಲ್ಲಿ ಬಂದ ಕುಫ್ರಿ ಸೂರ್ಯ ಬಿಸಿ ತಾಳುವ ತಳಿ. ಬೇರೆ ತಳಿಗಳು ಸೊರಗುವ 20 ಡಿಗ್ರಿಯ ರಾತ್ರಿಯಲ್ಲೂ ಅದು ಗಡ್ಡೆ ಕಟ್ಟುತ್ತದೆ. ಪೆರ್ಡೂರಿನ ಡಿಸೆಂಬರ್, ಜನವರಿಗೆ ಅದು ಕೂದಲೆಳೆಯ ಅಂತರದಲ್ಲಿದೆ. ಗದ್ದೆಯ ಸುಗ್ಗಿ ಬೆಳೆ ಬಿಟ್ಟು ಅದನ್ನು ನೆಡಬೇಕಾದರೆ ಬೀಜದ ಖರ್ಚು, ನೀರು, ಆಳುಕೂಲಿ ಎಲ್ಲವನ್ನೂ ಲೆಕ್ಕ ಹಾಕಬೇಕು. ಆ ಲೆಕ್ಕ ಸದ್ಯಕ್ಕಂತೂ ಘಟ್ಟದಿಂದ ಇಳಿದು ಬರುವ ಲಾರಿಯ ಕಡೆಗೇ ವಾಲುತ್ತದೆ.